ಎಲೆಗೆ ಬಳಿದ ಬಣ್ಣ

ಶಿವಮೊಗ್ಗದ ಆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹಕ್ಕು ಮೊದಲು ಪಿಯುಸಿ ಓದುವ ಅಕ್ಕನಿಗೆ, ಆಮೇಲೆ ನಾಲ್ಕನೇ ಕ್ಲಾಸಿನ ತಮ್ಮನಿಗೆ. ಬೇಸಿಗೆ ರಜೆಯಲ್ಲಿ ಅಕ್ಕ ಪೈಥಾನ್ ಭಾಷೆಯಲ್ಲಿ ಚಿತ್ರ ಬಿಡಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದಳು. ಮೌಸ್ ಒತ್ತಿ ಎಳೆದರೆ ಕಪ್ಪು ಗೆರೆ ಮೂಡುತ್ತಿತ್ತು, ಅಷ್ಟೇ. ಎರಡು ದಿನ ಗೀಚಿದ ತಮ್ಮ ಮೂರನೆಯ ದಿನ, "ಬಣ್ಣ ಎಲ್ಲಿದೆ ಅಕ್ಕಾ?" ಎಂದ.

ಬಣ್ಣ ಆರಿಸುವ ಸಿದ್ಧ ಕಿಟಕಿ ಪೈಥಾನ್‌ನಲ್ಲೇ ಇದೆ. ಆದರೆ ತಾನೇ ಮಾಡಬೇಕೆಂಬ ಹಟ ಆ ವಯಸ್ಸಿನದು. ಕೆಂಪು, ಹಸಿರು, ನೀಲಿ ಎಂದು ಮೂರು ಜಾರುಪಟ್ಟಿಗಳನ್ನಿಟ್ಟಳು. ಒಂದೊಂದೂ 0ಯಿಂದ 255ರವರೆಗೆ ಸರಿಯುತ್ತದೆ. ಮೂರೂ ಸೊನ್ನೆಯಾದರೆ ಕಪ್ಪು, ಮೂರೂ 255 ಆದರೆ ಬಿಳಿ. ಒಟ್ಟು 1,67,77,216 ಬಣ್ಣಗಳು. ಬಟ್ಟಲಲ್ಲಿ ಕೆಂಪು, ಹಸಿರು ಕಲಸಿದರೆ ಕೊಳಕು ಕಂದು ಬರುತ್ತದೆ. ಪರದೆಯ ಮೇಲೆ ಬೆರೆಯುವುದು ಬೆಳಕು, ಹಾಗಾಗಿ ಅವೆರಡೇ ಸೇರಿ ಹಳದಿಯಾಗುತ್ತವೆ. ಇದನ್ನು ನೋಡಿ ಅಮ್ಮನೂ ಒಲೆ ಸಣ್ಣದು ಮಾಡಿ ಬಂದು ಪಟ್ಟಿ ಜಾರಿಸಿದರು.

ತಮ್ಮನಿಗೆ ಬರುವುದು ಎರಡೇ ಚಿತ್ರ: ಮಾವಿನ ಮರ ಮತ್ತು ರೈಲು. ದೊಡ್ಡವನಾದ ಮೇಲೆ ರೈಲು ಓಡಿಸುವುದೆಂದು ಒಂದನೇ ಕ್ಲಾಸಿನಲ್ಲೇ ತೀರ್ಮಾನವಾಗಿತ್ತು. ಮೊದಲು ಮರ ಬಿಡಿಸಿದ.

"ಇದೇನೋ, ಎಲೆಗೆ ಕಂದು ಬಳಿದಿದ್ದೀಯ?"

"ಕಂದಲ್ಲ, ಹಸಿರು."

ಅಕ್ಕ ತನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆ, ಕೆಂಪು ಹಸಿರು ಅದಲುಬದಲಾಗಿವೆ ಎಂದುಕೊಂಡಳು. ಇಡೀ ಮಧ್ಯಾಹ್ನ ಸಾಲು ಸಾಲು ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ ಎರಡು ಚೌಕ ಮಾಡಿದಳು. ಒಂದರಲ್ಲಿ ಕೆಂಪು ಹೆಚ್ಚು, ಇನ್ನೊಂದರಲ್ಲಿ ಹಸಿರು ಹೆಚ್ಚು. "ಎರಡೂ ಒಂದೇ ಅಲ್ವಾ?" ಎಂದ ತಮ್ಮ.

ಆಗ ಒಂದೊಂದೇ ನೆನಪಾಯಿತು. ಅವನ ಚಿತ್ರದ ಪುಸ್ತಕದಲ್ಲಿ 'ಗಮನವಿಟ್ಟು ಬಣ್ಣ ಹಚ್ಚು' ಎಂಬ ಷರಾ ಮೂರು ಕಡೆ ಇತ್ತು. ತುಂಟತನವೆಂದು ಅಪ್ಪ ಬೈದಿದ್ದೂ ಉಂಟು. ಕ್ರೇಯಾನಿನ ಕಾಗದದ ಮೇಲೆ ಬಣ್ಣದ ಹೆಸರು ಇರುವವರೆಗೆ ಹುಡುಗ ಓದಿಕೊಂಡು ಸರಿಯಾಗಿ ಹಚ್ಚುತ್ತಿದ್ದ. ಕಾಗದ ಹರಿದ ಮೇಲೆ ತಪ್ಪುತ್ತಿದ್ದ. ಅಮ್ಮನಿಗೆ ತಮ್ಮ ತಂದೆ ಕಣ್ಣ ಮುಂದೆ ಬಂದರು. ಸಂತೆಯಲ್ಲಿ ಟೊಮ್ಯಾಟೊ ಕೈಗೆತ್ತಿಕೊಂಡು, "ಇದು ಹಣ್ಣಾಗಿದೆಯೇನೇ, ನೋಡು" ಎಂದು ಮಗಳನ್ನೇ ಕೇಳುತ್ತಿದ್ದರು.

ಕಣ್ಣಿನ ವೈದ್ಯರು ಚುಕ್ಕೆಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕ ತೆರೆದರು. ಜಪಾನಿನ ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಹೆಚ್ಚಿನ ಪುಟಗಳಲ್ಲಿ ಹುಡುಗನಿಗೆ ಬರೀ ಚುಕ್ಕೆ ಕಂಡಿತು. ಇದಕ್ಕೆ 'ವರ್ಣಾಂಧತೆ' ಎಂಬ ಹೆಸರು ಬಹಳ ಕಠಿಣವಾಯಿತು. ಅವನಿಗೆ ಹಳದಿ, ನೀಲಿ ಚೆನ್ನಾಗಿಯೇ ಕಾಣುತ್ತವೆ. ಕೆಂಪು, ಹಸಿರುಗಳ ಭೇದ ಮಾತ್ರ ಮಸುಕು. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ತಾತನಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ ಬರುತ್ತದೆ, ನಡುವಿನವಳಿಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಪರಮಾಣು ಸಿದ್ಧಾಂತದ ಡಾಲ್ಟನ್‌ಗೂ ಇದೇ ಇತ್ತು. 1794ರಲ್ಲಿ ತನ್ನ ಕಣ್ಣಿನ ಬಗ್ಗೆಯೇ ಪ್ರಬಂಧ ಓದಿದ.

ಡಾಲ್ಟನ್ನನ ಮಾತು ಅಪ್ಪನಿಗೆ ಸಮಾಧಾನ ತರಲಿಲ್ಲ. ರೈಲು ಓಡಿಸುವವರು ವರ್ಣದೃಷ್ಟಿಯ ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇಂಥವರನ್ನು ಯಾವ ಕೋರ್ಸಿನಿಂದಲೂ ಹೊರಗಿಡಬಾರದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಎಲ್ಲಿಂದಲೋ ಹುಡುಕಿ ತಂದರು. ಆದರೆ ಹುಡುಗನಿಗೆ ಬೇಕಾದದ್ದು ಸಿನಿಮಾ ಅಲ್ಲವಲ್ಲ. "ಈಗಲೇ ಹೇಳುವುದು ಬೇಡ" ಎಂದರು ಅಮ್ಮ.

ಅಕ್ಕ ಪ್ರೋಗ್ರಾಮಿಗೆ ಒಂದು ಡ್ರಾಪರ್ ಸೇರಿಸಿದಳು. ಚಿತ್ರದ ಮೇಲೆ ಎಲ್ಲಿ ಒತ್ತಿದರೂ ಆ ಬಣ್ಣದ ಹೆಸರು ಕನ್ನಡದಲ್ಲಿ ಕಾಣಬೇಕು. ಮೂರು ಅಂಕಿಗಳಿಂದ ಹೆಸರು ಹೇಳುವುದು ಸುಲಭವಲ್ಲ. ಅಮೆರಿಕದ ಆಲ್ವಿ ರೇ ಸ್ಮಿತ್ 1978ರಲ್ಲಿ ಪ್ರಕಟಿಸಿದ ಲೆಕ್ಕವೊಂದು ನೆರವಿಗೆ ಬಂತು. ಬಣ್ಣಗಳನ್ನು ವೃತ್ತದಲ್ಲಿ ಜೋಡಿಸಿ ಕೆಂಪಿಗೆ 0 ಡಿಗ್ರಿ, ಹಸಿರಿಗೆ 120, ನೀಲಿಗೆ 240 ಎಂದು ಗುರುತಿಸುವುದು; ಬಣ್ಣ ಎಷ್ಟು ಗಾಢ, ಎಷ್ಟು ಪ್ರಕಾಶ ಎಂಬುದನ್ನು ಬೇರೆಯಾಗಿ ಅಳೆಯುವುದು. ಹೀಗೆ ಮಾಡಿದರೂ ಮರದ ಕಾಂಡವನ್ನು ಕಂಪ್ಯೂಟರ್ 'ಕಿತ್ತಳೆ' ಎಂದಿತು! ವೃತ್ತದಲ್ಲಿ ಕಂದಿಗೆ ಪ್ರತ್ಯೇಕ ಜಾಗವಿಲ್ಲ. ಕತ್ತಲೆಗೆ ಸರಿದ ಕಿತ್ತಳೆಯೇ ಕಂದು. ಪ್ರಕಾಶ ಕಡಿಮೆಯಿದ್ದರೆ ಹೆಸರು ಬದಲಿಸು ಎಂದು ಇನ್ನೊಂದು ಸಾಲು ಬರೆಯಬೇಕಾಯಿತು.

ತಮ್ಮ ಅಂದು ಸಂಜೆ ರೈಲು ಬಿಡಿಸಿದ. ಪಕ್ಕದಲ್ಲಿ ಸಿಗ್ನಲ್ ಕಂಬ. ಡ್ರಾಪರನ್ನು ದೀಪದ ಮೇಲಿಟ್ಟು ಒತ್ತಿದ. 'ಕೆಂಪು' ಎಂದು ಬಂತು. ಇನ್ನೊಂದರ ಮೇಲೆ ಒತ್ತಿದ. 'ಹಸಿರು.' ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಇದನ್ನ ರೈಲಿನ ಎಂಜಿನ್ನಲ್ಲಿ ಇಡೋಕೆ ಬರುತ್ತಾ?" ಎಂದು ಕೇಳಿದ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಪುಟವನ್ನೂ ತಿರುವಲಿಲ್ಲ.