ಮುತ್ಯಾನ ರುಮಾಲಿನ ಸಂಚಿ

ನನ್ನ ತಮ್ಮನಿಗೆ ಐದು ವರ್ಷ. ಅವನ ಆಟಿಗಿ ಸಾಮಾನು ಎಣಿಸಿದರೆ ಒಂದು ಅಂಗಡಿಯೇ ಆಗುತ್ತದೆ. ಗೋಲಿ 23, ಗಜ್ಜುಗ 11, ಹುಮನಾಬಾದದ ವೀರಭದ್ರೇಶ್ವರ ಜಾತ್ರೆಯಲ್ಲಿ ಕೊಂಡ ಬುಗುರಿ 2, ಮೂರೇ ಗಾಲಿಯ ಪ್ಲಾಸ್ಟಿಕ್ ಬಸ್ಸು ಒಂದು, ಮಣ್ಣೆತ್ತಿನ ಅಮವಾಸ್ಯೆಯ ಎತ್ತು ಒಂದು. ಎತ್ತಿಗೆ ಒಂದೇ ಕೋಡು.

ಇವೆಲ್ಲ ಪಡಸಾಲೆ ತುಂಬ ಬಿದ್ದಿರುತ್ತಿದ್ದವು. ಒಂದು ರಾತ್ರಿ ನೀರು ಕುಡಿಯಲು ಎದ್ದ ಅಪ್ಪ ಗೋಲಿ ತುಳಿದು ಜಾರಿ ಬಿದ್ದ. ಮರುದಿನ ಮುಂಜಾನೆ ಅವ್ವ ಸಿಟ್ಟಿನಿಂದ ಕಸ ಹೊಡೆದಳು. ಕಸದ ಜೊತೆ ಜೋಳದ ದಂಟಿನ ಬಂಡಿಯೂ ತಿಪ್ಪಿಗೆ ಹೋಯಿತು.

ಆ ಬಂಡಿ ಮುತ್ಯಾ ಮಾಡಿಕೊಟ್ಟದ್ದು. ಸುಗ್ಗಿಯಲ್ಲಿ ಒಣ ದಂಟು ಸುಲಿದು, ಒಳಗಿನ ಬೆಂಡಿಗೆ ಸಿಬಿರು ಚುಚ್ಚಿ ಮಾಡಿದ್ದ. ಹೋದ ಶ್ರಾವಣದಲ್ಲಿ ಮುತ್ಯಾ ತೀರಿಕೊಂಡ. ಇನ್ನೊಂದು ಮಾಡಿಕೊಡು ಅನ್ನಲು ಈಗ ಅವನಿಲ್ಲ. ನಾನೂ ತಮ್ಮನೂ ತಿಪ್ಪಿ ಕೆದರಿ ನೋಡಿದೆವು. ಒಂದು ಗಾಲಿ ಮಾತ್ರ ಸಿಕ್ಕಿತು. ತಮ್ಮ ಅವತ್ತು ಉಣ್ಣಲಿಲ್ಲ. ಅವ್ವನೂ ಉಣ್ಣಲಿಲ್ಲ.

ಆಗ ನಾನು ಒಂದು ಚೀಲ ಹೊಲಿಯಬೇಕೆಂದು ನಿಶ್ಚಯಿಸಿದೆ. ಮೊದಲು ಗೊಬ್ಬರದ ಚೀಲ ತೊಳೆದು ಸಣ್ಣದೊಂದು ಚೀಲ ಮಾಡಿದೆ. ಅದು ಉಪಯೋಗಕ್ಕೆ ಬರಲಿಲ್ಲ. ಒಂದು ಬುಗುರಿ ಬೇಕಾದರೂ ತಮ್ಮ ಚೀಲ ಬೋರಲು ಹಾಕಿ ಎಲ್ಲ ಸುರುವುತ್ತಿದ್ದ.

ಆಯಿ ನೋಡಿ ನಕ್ಕಳು. “ಹೊಲಕ್ಕ ಬುತ್ತಿ ಒಯ್ದಾಗ ಏನ್ ಮಾಡ್ತೀವಿ? ಅರಿವಿ ಹಾಸ್ತೀವಿ, ಉಣ್ತೀವಿ, ನಾಕು ಮೂಲಿ ಹಿಡಿದು ಗಂಟು ಕಟ್ತೀವಿ. ಹಂಗ ಮಾಡು” ಅಂದಳು. ಕಟ್ಟಿ ನೋಡಿದೆ. ಗೋಲಿಗಳು ಮೂಲೆಗಳ ಸಂದಿನಿಂದ ಜಾರಿದವು. ಮೂಲೆಯೇ ಇಲ್ಲದ ಅರಿವಿ, ಅಂದರೆ ದುಂಡನೆಯದು ಬೇಕೆಂದು ಆಗ ತಿಳಿಯಿತು.

ಅಷ್ಟು ಅಗಲದ ಗಟ್ಟಿ ಅರಿವಿ ಮನೆಯಲ್ಲಿ ಒಂದೇ ಇತ್ತು. ಅದು ಟ್ರಂಕಿನಲ್ಲಿದ್ದ ಮುತ್ಯಾನ ರುಮಾಲು. ಅಪ್ಪನ ಮದುವೆಗೆಂದು ಬಸವಕಲ್ಯಾಣದ ಬಜಾರದಲ್ಲಿ ಕೊಂಡದ್ದು. ಕೇಳಲು ನನಗೆ ಬಾಯಿ ಬರಲಿಲ್ಲ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕೇಳಿದೆ. ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಟ್ರಂಕು ತೆಗೆದು, “ಕತ್ರಿ ನಾನೇ ಹಾಕ್ತೀನಿ, ನೀ ಗೆರಿ ಹೊಡಿ” ಅಂದಳು.

ನಡುವೆ ಬೆರಳಿಟ್ಟು, 2 ಗೇಣು ದಾರದ ತುದಿಗೆ ಇದ್ದಲಿ ಕಟ್ಟಿ ಸುತ್ತಲೂ ಗೆರೆ ಎಳೆದೆ. ಆಯಿ ಕತ್ತರಿಸಿದಳು. ಅಡಿಗೆ ಹಳೆಯ ಸೀರೆಯ ತುಂಡು ಇಟ್ಟು ಕೌದಿಯ ಹಾಗೆ ಹೊಲಿದೆವು. ನಾನು ಅವಸರದಿಂದ ಉದ್ದುದ್ದ ಟಾಕಿ ಹಾಕಿದ್ದೆ. ಆಯಿ ಜಗ್ಗಿದ ಕೂಡಲೇ ಚರ್ ಎಂದು ಬಿಚ್ಚಿತು. “ಸೂಜಿ ಮುಂದ ಹೋಗೋಕಿಂತ ಮೊದಲ ಒಂದ್ ಹೆಜ್ಜಿ ಹಿಂದ ಬರಬೇಕು” ಅಂದಳು. ಹಾಗೆ ಹೊಲಿದದ್ದು ಇವತ್ತಿಗೂ ಬಿಚ್ಚಿಲ್ಲ.

ಅಂಚು ಮಡಚಿ ಲಾಡಿ ಹೋಗುವಷ್ಟು ಸಂದು ಬಿಟ್ಟು ಹೊಲಿದೆ. ದುಂಡನೆಯ ಅಂಚು ಮಡಚಿದರೆ ಸುಕ್ಕಾಗುತ್ತದೆ, ಅಲ್ಲಲ್ಲಿ ಸಣ್ಣ ನೆರಿಗೆ ಹಿಡಿಯಬೇಕು. ಅವ್ವ ಹುಮನಾಬಾದಕ್ಕೆ ಹೋದಾಗ ಯಾರೂ ಹೇಳದೆ ತಾನೇ ಲಾಡಿ ತಂದಳು. ಅಗಲ 4 ಗೇಣು, ಎರಡು ಪಟ್ಟು ಸಾಕೆಂದು ನಾನು 8 ಗೇಣು ಕತ್ತರಿಸಿದೆ. ಲಾಡಿ ಅರ್ಧ ದಾರಿಯ ಮುಂದೆ ಸ್ವಲ್ಪ ಹೋಗಿ ನಿಂತಿತು! ಗಣಿತದ ಗುರುಗಳು ಹೇಳಿಕೊಟ್ಟ 3.14 ಆಗ ನೆನಪಾಯಿತು. 4 ಗೇಣು ಅಗಲಕ್ಕೆ ಸುತ್ತಳತೆ ಹನ್ನೆರಡೂವರೆ ಗೇಣು. ಗಂಟಿಗೆಂದು ಸೇರಿಸಿ 14 ಗೇಣಿನ ಎರಡು ಲಾಡಿ, ಎದುರುಬದುರು ಬಾಯಿಂದ ಪಿನ್ನು ಚುಚ್ಚಿ ಪೋಣಿಸಿದೆ. ಎರಡೂ ಕಡೆ ಜಗ್ಗಿದರೆ ಸಂಚಿ, ಬಿಟ್ಟರೆ ಹಾಸಿಗೆ. ಆಟ ಅದರ ಮೇಲೆಯೇ. ಮುಗಿದ ಮೇಲೆ ಒಂದೇ ಜಗ್ಗು, ಪಡಸಾಲೆ ಸ್ವಚ್ಛ.

ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರೆಂದು ಗುರುಗಳು ಪಾಠದಲ್ಲಿ ಹೇಳಿದ್ದರು. ಸೂಜಿಯೂ ಒಂದು ಕಾಯಕವೇ ಎಂದು ಆಗ ಬಾಯಿಪಾಠ ಮಾಡಿದ್ದೆ. ಬೆರಳಿಗೆ ನಾಲ್ಕು ಸಲ ಚುಚ್ಚಿಕೊಂಡ ಮೇಲೆ ಅದು ಖರೆ ತಿಳಿಯಿತು.

ಈಗ ತಮ್ಮ ಸಂಚಿ ಬಿಚ್ಚಿದಾಗಲೆಲ್ಲ ಆಯಿ ಹತ್ತಿರ ಬಂದು ಕೂಡುತ್ತಾಳೆ. ಆಟ ಆಡುವುದಿಲ್ಲ, ರುಮಾಲಿನ ಅಂಚಿನ ಮೇಲೆ ಕೈ ಇಟ್ಟಿರುತ್ತಾಳೆ. ದಂಟಿನ ಬಂಡಿಯ ಆ ಒಂದು ಗಾಲಿಯೂ ಸಂಚಿಯಲ್ಲೇ ಇದೆ. ಬರುವ ಸುಗ್ಗಿಯಲ್ಲಿ ಉಳಿದ ಬಂಡಿ ನಾನೇ ಮಾಡಿಕೊಡುತ್ತೇನೆಂದು ತಮ್ಮನಿಗೆ ಮಾತು ಕೊಟ್ಟಿದ್ದೇನೆ. ಗೆಳತಿಯರೇ, ಗೆಳೆಯರೇ, ದಂಟಿನ ಬಂಡಿ ಮಾಡಲು ಬಲ್ಲವರು ನಿಮ್ಮ ಮನೆಯಲ್ಲಿದ್ದರೆ ನನಗೆ ತಿಳಿಸಿರಿ.

— 8ನೆಯ ತರಗತಿಯ ವಿದ್ಯಾರ್ಥಿನಿ