ತಂದೆಯವರ ನಡಿಗೆ

ಒಕ್ಕಲುತನದ ಮನೆಯಲ್ಲಿ ವ್ಯಾಯಾಮದ ಮಾತೆತ್ತಿದರೆ ಹಿರಿಯರು ನಗುವರು. ದುಡಿದು ಉಂಬವನಿಗೆ ಸಾಮು ಗರಡಿ ಏತಕ್ಕೆಂದು ಗೊರೇಬಾಳದ ನಮ್ಮ ಮನೆಯಲ್ಲಿಯೂ ಕೇಳುವುದುಂಟು. ಆ ಮಾತು ಒಂದು ಕಾಲಕ್ಕೆ ಸಲ್ಲುತ್ತಿದ್ದಿತು. ಏಳುವ ಹೊತ್ತು, ನಡೆಯುವ ದೂರ, ಬೆನ್ನು ಬಾಗಬೇಕಾದಷ್ಟು ಬಾಗು, ಎಲ್ಲವನ್ನೂ ಹೊಲವೇ ಗೊತ್ತುಮಾಡುತ್ತಿದ್ದಿತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು, ಮುಂದೆ ಎಡದಂಡೆಯ ಕಾಲುವೆ ಸಿಂಧನೂರು ಸೀಮೆಗೆ ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಈಗಲಾದರೋ ಟ್ರ್ಯಾಕ್ಟರು, ಕೊಯ್ಲಿನ ಯಂತ್ರ, ಮೋಟಾರು ಬೈಕುಗಳಿಂದಾಗಿ ಗದ್ದೆಯೊಡೆಯನು ಬದುವಿನ ಮೇಲೆ ಕುಳಿತೇ ಸುಗ್ಗಿಯನ್ನು ಮುಗಿಸುವನು. ನಾಟಿ ಮಾಡುವ ಹೆಣ್ಣಾಳುಗಳ ಬೆನ್ನಿಗೆ ಮಾತ್ರ ಈ ಬಿಡುವು ದೊರೆತಿಲ್ಲ. ಅವರಿಗೆ ಬೇಕಾದುದು ವ್ಯಾಯಾಮವಲ್ಲ, ವಿಶ್ರಾಂತಿ.

ನಮ್ಮ ತಂದೆಯವರು ಎಪ್ಪತ್ತು ದಾಟಿದ ಮೇಲೆ ಬೇಸಾಯವನ್ನು ನನ್ನ ತಮ್ಮನಿಗೆ ಒಪ್ಪಿಸಿ ಪಡಸಾಲೆಯನ್ನು ಹಿಡಿದರು. ಎರಡು ವರ್ಷಗಳೊಳಗಾಗಿ ಮೊಮ್ಮಕ್ಕಳ ಹೆಸರುಗಳು ಅದಲುಬದಲಾಗತೊಡಗಿದವು. ಕಾಲು ನಿಂತುದರಿಂದ ನೆನಪು ಕುಂದಿತೋ, ನೆನಪು ಕುಂದಿದುದರಿಂದ ಕಾಲು ನಿಂತಿತೋ ಹೇಳುವುದು ಕಷ್ಟ. ವೈದ್ಯಶಾಸ್ತ್ರವು ಎರಡನ್ನೂ ಸಂಭವವೆಂದು ಒಪ್ಪುವುದು.

ನಾನು ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ. ನಡೆಯೆಂಬ ಆಜ್ಞೆಯು ಹೊರಡುವುದು ಮೆದುಳಿನಿಂದ. ಹೆಜ್ಜೆ ಎತ್ತುವ ಮುಂಚೆಯೇ ಅದು ಗುಂಡಿಗೆಯನ್ನು ಬಿರುಸುಗೊಳಿಸುವುದು. ಮೈ ಕಾಯ್ದರೆ ಬೆವರಿಳಿಸುವುದು. ಕಾವು ಮಿತಿಮೀರುವಂತಿದ್ದರೆ ದಣಿವನ್ನು ತಂದು ವೇಗವನ್ನು ತಗ್ಗಿಸುವುದು. ಹೀಗೆ ಆಳುವ ಮೆದುಳಿಗೆ ಕಪ್ಪವೂ ಸಲ್ಲುವುದುಂಟು. ದುಡಿವ ಸ್ನಾಯುಗಳು ರಕ್ತಕ್ಕೆ ಬಿಡುವ ಕೆಲವು ದ್ರವ್ಯಗಳು ಮೆದುಳಿನ ನರಕಣಗಳ ಪೋಷಣೆಗೆ ನೆರವಾಗುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದಲ್ಲಿ 120 ಮಂದಿ ವೃದ್ಧರನ್ನು ಒಂದು ವರ್ಷ ಪರೀಕ್ಷಿಸಿದ ಫಲವು 2011ರಲ್ಲಿ ಪ್ರಕಟವಾಯಿತು. ವಾರಕ್ಕೆ 3 ದಿನ, 40 ನಿಮಿಷಗಳಂತೆ ನಡೆದವರಲ್ಲಿ ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗವು ನೂರಕ್ಕೆ 2ರಷ್ಟು ಹಿಗ್ಗಿತು. ಕೈಕಾಲು ಚಾಚುವಷ್ಟೇ ಅಭ್ಯಾಸ ಮಾಡಿದವರಲ್ಲಿ ಕುಗ್ಗಿತು. ಆಮೇಲಿನ ಪರೀಕ್ಷೆಗಳೆಲ್ಲವೂ ಇಷ್ಟು ಸ್ಪಷ್ಟವಾದ ಫಲವನ್ನು ಕೊಟ್ಟಿಲ್ಲವೆಂಬುದನ್ನೂ ಮರೆಮಾಡಬಾರದು. ಕುಂದಿದ ನೆನಪಿಗೆ ನಡಿಗೆಯೊಂದೇ ಔಷಧವೆಂದು ನಾನಂತೂ ನಂಬಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವೃದ್ಧರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ಶ್ರಮವನ್ನು ಹೇಳಿತು. ಆ ನಿಮಿಷಗಳನ್ನು ಯಾವ ಹೊತ್ತಿನಲ್ಲಿ ಕಳೆಯಬೇಕೆಂಬುದನ್ನು ಮಾತ್ರ ರಾಯಚೂರು ಸೀಮೆಯ ಬಿಸಿಲೇ ಹೇಳಬೇಕು. ಮುಪ್ಪಿನಲ್ಲಿ ಬಾಯಾರಿಕೆಯೂ ಬೆವರೂ ಮಂದವಾಗುವುದರಿಂದ ನಾವು ನಸುಕನ್ನೇ ಗೊತ್ತುಮಾಡಿದೆವು. ಸುಮ್ಮನೆ ತಿರುಗುವುದೇ ಎಂದು ತಂದೆಯವರು ಮುನಿದಾಗ, ಕಾಲುವೆಯ ನೀರು ಗದ್ದೆಗೆ ಹತ್ತಿತೇ ಎಂದು ನೋಡಿಬರುವ ಕೆಲಸವನ್ನು ಅವರಿಗೆ ಒಪ್ಪಿಸಿದೆವು. ಕಾಲುವೆ ಬತ್ತುವ ಬೇಸಿಗೆಗೆ ಬೇರೊಂದು ನೆಪವನ್ನು ಹುಡುಕಬೇಕಾಗಿದೆ. ಸದ್ಯಕ್ಕೆ ದಿನವೂ ಹೋಗಿ ಬಂದು, ಮಡಿಯಲ್ಲಿ ಎಷ್ಟು ಬೆರಳು ನೀರು ನಿಂತಿದೆಯೆಂದು ತಮ್ಮನಿಗೆ ಹೇಳುವರು. ಮೊಮ್ಮಕ್ಕಳ ಹೆಸರುಗಳು ಈಗಲೂ ಅದಲುಬದಲಾಗುವುವು. ನೀರಿನ ಲೆಕ್ಕ ಇದುವರೆಗೂ ತಪ್ಪಿಲ್ಲ.