ಪೆಟ್ಟಿಗೆಯೊಳಗಿನ ಗುಮಾಸ್ತ

ನಮ್ಮದು ತೀರ್ಥಹಳ್ಳಿ ತಾಲೂಕಿನ ಅರಳಸುರಳಿ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಬಂದರೆ ನೆಂಟರು ಬಂದಷ್ಟು ಸಂಭ್ರಮ. ಇಂಥ ಊರಲ್ಲಿ, 2023ರ ಆಷಾಢದ ಒಂದು ಸಂಜೆ, ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗ "ಅಜ್ಜ, ನಂಗೆ ಗೇಮ್ ಆಡೋ ಕಂಪ್ಯೂಟರ್ ಬೇಕು" ಅಂದ. ಬರಿಗೈಯಲ್ಲಿ ಕೇಳಲಿಲ್ಲ. ಹಿಂದಿನ ಚಳಿಗಾಲದಲ್ಲಿ ಶಾಲೆಯಿಂದ ಬಂದು ದೊಡ್ಡವರ ಜೊತೆ ಅಡಿಕೆ ಸುಲಿದು ಕೂಡಿಟ್ಟ ದುಡ್ಡನ್ನು ಬಿಸ್ಕತ್ತಿನ ಡಬ್ಬಿಯಿಂದ ನನ್ನ ಮುಂದೆ ಸುರಿದ. ಹತ್ತು, ಇಪ್ಪತ್ತರ ನೋಟುಗಳೇ ಹೆಚ್ಚು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ನೋಟು ಕಂಡರೆ ಬೆರಳು ತಾನಾಗಿ ಆಡುತ್ತದೆ. ಎಣಿಸಿದೆ. ಸರಿಯಾಗಿ 6,000.

ನನ್ನ ಕಡೆಯಿಂದ 34,000 ಸೇರಿಸಿ ಒಟ್ಟು 40,000 ಎಂದು ಗೆರೆ ಎಳೆದೆ. ಆ ವರ್ಷ ನಮ್ಮ ತೋಟಕ್ಕೆ ಕೊಳೆ ಬಿದ್ದಿತ್ತು. ಗೆರೆ ಯಾಕೆ ಅಲ್ಲಿಗೇ ನಿಂತಿತೆಂದು ಅವನೂ ಕೇಳಲಿಲ್ಲ.

ಇಲ್ಲೊಂದು ಗುಟ್ಟು ಹೇಳಬೇಕು. ಬ್ಯಾಂಕುಗಳಿಗೆ ಕಂಪ್ಯೂಟರ್ ಬರಲಿ ಎಂದು ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಕಾಲದಲ್ಲಿ, ಅದು ನಮ್ಮ ಅನ್ನ ಕಸಿಯುತ್ತದೆಂದು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತವರಲ್ಲಿ ನಾನೂ ಒಬ್ಬ. ಆಮೇಲೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು, ಕಲಿತೆ. ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನಿಗೆ ತಲೆಯಲ್ಲಿ ಕೂತಿದ್ದು ಒಂದೇ, ಐ7. ಗೆಳೆಯನ ಅಣ್ಣನ ಹತ್ತಿರ ಐ7 ಇದೆಯಂತೆ, ಐ7 ಎಂದರೆ ಎಲ್ಲಕ್ಕಿಂತ ಜೋರಂತೆ. ಪೇಟೆಯ ಒಂದು ಅಂಗಡಿಯಲ್ಲಿ "22,000ಕ್ಕೆ ಐ7 ಪೂರ್ತಿ ಸೆಟ್" ಎಂದು ಬೋರ್ಡು ಹಾಕಿದ್ದರು. ಹೋದೆವು. ಮೊಮ್ಮಗನ ಮುಖ ದೀಪದ ಹಾಗೆ ಹೊಳೆಯುತ್ತಿತ್ತು. ನಾನು ಮುಂಗಡಕ್ಕೆಂದು ಐನೂರರ ನಾಲ್ಕು ನೋಟು ಎಣಿಸಿಯೂ ಆಗಿತ್ತು. ಹಳೇ ಚಾಳಿ, "ರಸೀದಿಯಲ್ಲಿ ಪ್ರೊಸೆಸರಿನ ಪೂರ್ತಿ ನಂಬರ್ ಬರೆದುಕೊಡಿ" ಅಂದೆ. ಆತ ತುಸು ತಡೆದು ಬರೆದ: ಐ7-2600. ನಂಬರ್ ನೋಡಿದ್ದೇ, ಮನೆಯಲ್ಲಿ ಕೇಳಿ ಬರುತ್ತೇನೆಂದು ನೋಟು ಮತ್ತೆ ಜೇಬಿಗಿಟ್ಟೆ.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆವು. ಆ ಐ7 ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ನಮ್ಮ ಹುಡುಗ ಆಗ ತೊದಲು ಮಾತಾಡುತ್ತಿದ್ದ. ಇಂಟೆಲ್‌ನವರ ನಂಬರಿನಲ್ಲಿ 'ಐ7' ಎನ್ನುವುದು ದರ್ಜೆ ಮಾತ್ರ. ಅದರ ಮುಂದಿನ ಅಂಕಿ ತಲೆಮಾರು. 2600 ಎಂದರೆ ಎರಡನೇ ತಲೆಮಾರು, 12100 ಎಂದರೆ ಹನ್ನೆರಡನೆಯದು. 2022ರಲ್ಲಿ ಬಂದ ಐ3-12100ರಲ್ಲೂ ಆ ಹಳೇ ಐ7ರಲ್ಲಿದ್ದಂತೆ ನಾಲ್ಕೇ ಕೋರ್, ಆದರೆ ಒಂದೊಂದು ಕೋರ್‌ನ ಕೆಲಸ ಬಹಳ ಚುರುಕು. ಮೇಲಾಗಿ ಆ ಹಳೆಯದು ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲೇ ಇಲ್ಲ. ಅವನು ಶಾಲೆಯಲ್ಲಿ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದನಂತೆ. ಎರಡು ದಿನ ನನ್ನ ಜೊತೆ ಮಾತಿಲ್ಲ.

ಮೂರನೇ ದಿನ ತಾನೇ ಬಂದು ಕೇಳಿದ, "ಅಜ್ಜ, ಕೋರ್ ಅಂದ್ರೆ ಎಂತದು?"

ಕೋರ್ ಎಂದರೆ ಬ್ಯಾಂಕಿನ ಕೌಂಟರು. ನಾಲ್ಕು ಕೋರ್ ಇದ್ದರೆ ನಾಲ್ಕು ಗುಮಾಸ್ತರು. ಗಿರಾಕಿಗಳು ಬೇರೆಬೇರೆ ಕೆಲಸಕ್ಕೆ ಬಂದಿದ್ದರೆ ಹೆಚ್ಚು ಕೌಂಟರು ಇದ್ದಷ್ಟೂ ಒಳ್ಳೆಯದು. ಆದರೆ ಒಬ್ಬನೇ ಗಿರಾಕಿ ಒಂದು ದೊಡ್ಡ ಚೀಲ ಚಿಲ್ಲರೆ ತಂದರೆ? ಎಣಿಸುವವನು ಒಬ್ಬನೇ, ಉಳಿದವರು ಚಹಾ ಕುಡಿಯುತ್ತಾರೆ. ಅನೇಕ ಆಟಗಳ ಮುಖ್ಯ ಕೆಲಸ ಈ ಚಿಲ್ಲರೆ ಚೀಲದ ಹಾಗೆ. ನಮ್ಮ ಹುಡುಗನ ಮೈನ್‌ಕ್ರಾಫ್ಟ್ ಅಂತೂ ಒಬ್ಬ ಚುರುಕು ಗುಮಾಸ್ತನ ಮೇಲೇ ಭಾರ ಹಾಕುವ ಆಟ. ಹಾಗಾಗಿ ಹದಿನಾರು ಕೋರ್‌ಗೆ ದುಡ್ಡು ಸುರಿಯುವುದು ನಮ್ಮಂಥವರಿಗಲ್ಲ. ನಾಲ್ಕರಿಂದ ಆರು ಸಾಕು, ಆದರೆ ಹೊಸ ತಲೆಮಾರಿನದಾಗಿರಬೇಕು.

ಕ್ಯಾಶ್ ಎಂದರೆ ಮೊದಲು ನಾನೂ ನಗದು ಎಂದೇ ತಿಳಿದೆ! ಅದು ಗುಮಾಸ್ತನ ಮೇಜಿನ ಮೇಲಿರುವ ಲೆಡ್ಜರು. ಬೇಕಾದ ಪುಟ ಅಲ್ಲೇ ಸಿಕ್ಕರೆ ಕ್ಷಣದ ಕೆಲಸ, ಇಲ್ಲದಿದ್ದರೆ ಎದ್ದು ರೆಕಾರ್ಡ್ ರೂಮಿಗೆ ಹೋಗಬೇಕು. ಆ ರೂಮೇ ರ‍್ಯಾಮು.

ಇಷ್ಟು ತಿಳಿದ ಮೇಲೆ ಅವನೇ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಮೂರು ಹೆಸರು ಬರೆದ. ಐ3-12100ಎಫ್, ಆಗ ಸುಮಾರು 7,500. ಎಎಂಡಿ ಕಂಪನಿಯ ರೈಜನ್ 5 5600, ಅದರದೇ ತಮ್ಮ 5600ಜಿ. ಎಲ್ಲಕ್ಕಿಂತ ಅಗ್ಗವೆಂದು ಐ3ಕ್ಕೆ ಸುತ್ತು ಹಾಕಿದ. ಅಲ್ಲೇ ಇದ್ದದ್ದು ಎರಡನೇ ಗುಂಡಿ. ಆ ಕೊನೆಯ 'ಎಫ್' ಅಕ್ಷರದ ಅರ್ಥ, ಇದರೊಳಗೆ ಚಿತ್ರ ಬಿಡಿಸುವವನಿಲ್ಲ ಎಂದು. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಸಾಧಾರಣ ಕಾರ್ಡಿಗೇ ಆಗ 13,000ದ ಹತ್ತಿರ. 5600ರಲ್ಲೂ ಚಿತ್ರಗಾರನಿಲ್ಲ. 5600ಜಿಯಲ್ಲಿ ಇದ್ದಾನೆ. ಆರು ಕೋರ್, ಜೊತೆಗೆ ಒಳಗೇ ಗ್ರಾಫಿಕ್ಸು, ಬೆಲೆ 11,500ದ ಆಸುಪಾಸು.

ಇದರಲ್ಲಿ ಕೊರತೆಯೇ ಇಲ್ಲವೆಂದಲ್ಲ. 5600ರ ಕ್ಯಾಶ್ 32 ಎಂಬಿ, ಜಿಯದು 16. ಮುಂದೆ ಕಾರ್ಡ್ ಹಾಕಿದ ದಿನ ಅಣ್ಣನೇ ಮುಂದಿರುತ್ತಾನೆ. ಹೊಸ ದೊಡ್ಡ ಆಟಗಳನ್ನು ಒಳಗಿನ ಗ್ರಾಫಿಕ್ಸು ಎಳೆಯಲಾರದು. ಇದನ್ನು ಹುಡುಗನಿಗೆ ಮುಚ್ಚಿಡದೆ ಹೇಳಿದೆ. ಅವನು ಬಹಳ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತ. ಆಮೇಲೆ ಜಿಗೆ ಸುತ್ತು ಹಾಕಿದ. ಆ ಸುತ್ತು ಹಾಕುವಾಗ ಅವನ ಗಂಟಲು ಕಟ್ಟಿದ್ದು ನನಗೆ ಗೊತ್ತಾಯಿತು. ಗೊತ್ತಾಗದವನ ಹಾಗೆ ಕನ್ನಡಕ ಒರೆಸಿಕೊಂಡೆ.

ಉಳಿದ ಲೆಕ್ಕ ಬೇಗ ಮುಗಿಯಿತು. ಮದರ್‌ಬೋರ್ಡು 7,000, ರ‍್ಯಾಮು 3,500, ಎಸ್‌ಎಸ್‌ಡಿ 3,000, ಕ್ಯಾಬಿನೆಟ್ಟು ಮತ್ತು ಪವರ್ ಸಪ್ಲೈ 5,500, ಮಾನಿಟರು 7,000, ಯುಪಿಎಸ್ 2,500. ಕೂಡಿಸಿ ನೋಡಿ, ಸರಿಯಾಗಿ 40,000. ಕೀಬೋರ್ಡು, ಮೌಸು ಅವನ ಅಮ್ಮನ ಹಳೆಯವು. ಯುಪಿಎಸ್ ಯಾಕೆ ಎಂದು ಬೆಂಗಳೂರಿನ ಹುಡುಗರು ಕೇಳಬಹುದು, ಮಲೆನಾಡಿನ ಮಕ್ಕಳು ಕೇಳುವುದಿಲ್ಲ. ಸಿಡಿಲು ಹೊಡೆವಾಗ ಮಾತ್ರ ಪ್ಲಗ್ಗನ್ನೇ ಕಿತ್ತಿಡಬೇಕು.

ರ‍್ಯಾಮಿನ ವಿಷಯ ಒಂದು ಮಾತು. 16 ಜಿಬಿಯನ್ನು ಒಂದೇ ಪಟ್ಟಿಯಲ್ಲಿ ಕೊಳ್ಳಬೇಡಿ, 8ರ ಎರಡು ತನ್ನಿ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಗೋದಾಮಿಲ್ಲ, ಅದು ರ‍್ಯಾಮನ್ನೇ ಸಾಲ ಪಡೆಯುತ್ತದೆ. ಎರಡು ಪಟ್ಟಿ ಇದ್ದರೆ ರೆಕಾರ್ಡ್ ರೂಮಿಗೆ ಎರಡು ಬಾಗಿಲು ಇದ್ದಂತೆ. ಒಂದೇ ಹಾಕಿದರೆ ಆಟ ತೆವಳುತ್ತದೆ.

ದೀಪಾವಳಿ ರಜೆಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಆ ಗಲ್ಲಿಯಲ್ಲಿ ಚೌಕಾಸಿ ಮಾಡಿದ್ದು ನಾನಲ್ಲ, ಅವನು. ಪ್ರತಿ ಬಿಲ್ಲಿನಲ್ಲೂ ಪೂರ್ತಿ ನಂಬರ್ ಬರೆಸಿಕೊಂಡ. ಅದೇ ನವೆಂಬರಿನ ಕೊನೆಗೆ ಪತ್ರಿಕೆಯಲ್ಲಿ ಸುದ್ದಿ ಬಂತು: ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲೇ ತೆರೆಯಿತು ಎಂದು. ಹುಡುಗ ಅದನ್ನು ಕತ್ತರಿಸಿ ಮಾನಿಟರಿನ ಪಕ್ಕ ಅಂಟಿಸಿದ್ದಾನೆ.

ಮನೆಗೆ ತಂದು ಜೋಡಿಸಿದ ದಿನ ನನ್ನಾಕೆ ಕುಂಕುಮ ಹಚ್ಚಿದಳು. ಅವನು ಪ್ರೊಸೆಸರನ್ನು ಬೋರ್ಡಿನ ಗೂಡಿನಲ್ಲಿ ಇಡುವಾಗ ನಾವ್ಯಾರೂ ಉಸಿರಾಡಲಿಲ್ಲ. ಗಾತ್ರ ಒಂದು ಬಿಸ್ಕತ್ತಿನಷ್ಟು, ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಕೂದಲಿನಂಥ ಪಿನ್ನುಗಳು. ಒಂದು ಬಾಗಿದರೂ ಕೆಟ್ಟಿತು. ಪರದೆ ಬೆಳಗಿದಾಗ ಅವನು ಕೂಗಿದ್ದು ಗದ್ದೆಯಾಚೆಯ ಮನೆಗೂ ಕೇಳಿಸಿರಬೇಕು.

ಪೆಟ್ಟಿಗೆಯೊಳಗೆ ಕಾರ್ಡ್ ಕೂರಬೇಕಾದ ಉದ್ದನೆಯ ಜಾಗ ಇನ್ನೂ ಖಾಲಿ ಇದೆ. ಅಂಚೆ ಕಚೇರಿಯಲ್ಲಿ ಅವನ ಹೆಸರಿಗೆ ತಿಂಗಳಿಗೆ 500 ರೂಪಾಯಿಯ ಆರ್.ಡಿ. ಮಾಡಿಸಿದ್ದೇನೆ. ಪಾಸ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಅವನು ಪೆನ್ಸಿಲಿನಿಂದ ಬರೆದುಕೊಂಡಿದ್ದಾನೆ: "ಖಾಲಿ ಜಾಗದ ಖಾತೆ. ಅಜ್ಜನೂ ಆಡಬಹುದು."